ಹಳೆಯ ಹಳಿ, ಹೊಸ ಹಳಿ: ಆಟಿಕೆ ರೈಲಿನ ಬೇರೆ ಬೇರೆ ತಲೆಮಾರುಗಳನ್ನು ಒಂದೇ ದಾರಿಯಾಗಿ ಜೋಡಿಸುವುದು ಹೇಗೆ

ಆಟಿಕೆ ರೈಲುಗಳನ್ನು ಕೂಡಿಡುವವರ ಪೆಟ್ಟಿಗೆಯಲ್ಲಿ ಕೆಲವೇ ವರ್ಷಗಳಲ್ಲಿ ಎರಡು ಮೂರು ತಲೆಮಾರಿನ ಹಳಿಗಳು ಬಂದು ಸೇರಿಕೊಳ್ಳುತ್ತವೆ. ಬಾಲ್ಯದಲ್ಲಿ ಆಡಿದ್ದು ಒಂದು, ಯಾರೋ ಬೇಡವೆಂದು ಕೊಟ್ಟದ್ದು ಇನ್ನೊಂದು, ಮಕ್ಕಳಿಗೆಂದು ಹೊಸದಾಗಿ ಕೊಂಡದ್ದು ಮತ್ತೊಂದು. ಅವನ್ನೆಲ್ಲ ಒಂದೇ ದಾರಿಯಾಗಿ ಹಾಸಬೇಕೆಂಬ ಆಸೆ ಸಹಜವಾದದ್ದೇ. ಆದರೆ ಕೈಗೆ ಸಿಕ್ಕಿದ ತುಂಡುಗಳನ್ನು ಸಿಕ್ಕಿದ ಹಾಗೆ ಕೂಡಿಸುತ್ತ ಹೋದರೆ ರೈಲು ಒಂದೊಂದು ಸುತ್ತಿಗೆ ಒಂದೊಂದು ಜಾಗದಲ್ಲಿ ಹಳಿ ತಪ್ಪುತ್ತದೆ, ದೋಷ ಎಲ್ಲಿದೆಯೆಂದು ಹುಡುಕುವುದರಲ್ಲೇ ಸಂಜೆ ಕಳೆದುಹೋಗುತ್ತದೆ. ನಾನು ಪಾಲಿಸುವ ನಿಯಮ ಇಷ್ಟೇ: ಒಂದು ತಲೆಮಾರಿನ ಹಳಿಗಳನ್ನೆಲ್ಲ ಒಂದೇ ಭಾಗದಲ್ಲಿ ಇಡಬೇಕು, ಎರಡು ತಲೆಮಾರುಗಳು ಸಂಧಿಸುವ ಗಡಿಗಳು ಒಂದು ಸುತ್ತಿಗೆ ಎರಡಕ್ಕಿಂತ ಹೆಚ್ಚಿರಬಾರದು, ಆ ಗಡಿಗಳು ನೇರವಾದ, ಸಮತಟ್ಟಾದ ಜಾಗದಲ್ಲಿಯೇ ಬರಬೇಕು. ತಿರುವಿನಲ್ಲಾಗಲಿ, ಏರಿನಲ್ಲಾಗಲಿ, ಕವಲಿನ ಪಕ್ಕದಲ್ಲಾಗಲಿ ಗಡಿ ಇಟ್ಟರೆ ಅಲ್ಲಿ ಮೊದಲೇ ಕಷ್ಟಪಡುತ್ತಿರುವ ಚಕ್ರಕ್ಕೆ ಇನ್ನೊಂದು ಕಷ್ಟವನ್ನು ಸೇರಿಸಿದಂತಾಗುತ್ತದೆ.

ಜೋಡಿಸುವ ಮೊದಲು ಅಳೆಯಬೇಕು. ಮೊದಲನೆಯ ಅಳತೆ ಗೇಜ್, ಅಂದರೆ ಎರಡು ಕಂಬಿಗಳ ಒಳಮೈಗಳ ನಡುವಿನ ಅಂತರ. ಎಚ್‌ಒ ಮತ್ತು ಒಒ ಎಂಬ ಎರಡು ಪ್ರಮಾಣಗಳ ಹಳಿಗೂ ಇದು 16.5 ಮಿ.ಮೀ., ಜಪಾನಿನ ಪ್ಲಾರೈಲ್‌ಗೆ 27 ಮಿ.ಮೀ., ಅಮೆರಿಕದ ಲಯನೆಲ್‌ನಂಥ ಒ ಗೇಜಿಗೆ ಸುಮಾರು 32 ಮಿ.ಮೀ. ಗೇಜ್ ಹೊಂದದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಎರಡು ಬಗೆಯ ಹಳಿಗಳನ್ನು ಕೂಡಿಸುವ ಯಾವ ಅಡಾಪ್ಟರ್ ಹಳಿಯೂ ಅದನ್ನು ಸರಿಪಡಿಸಲಾರದು. ಗೇಜ್ ಹೊಂದಿದರೆ ಕಂಬಿಯ ಎತ್ತರ, ಜೋಡಣೆಯ ಬಗೆ, ವಿದ್ಯುತ್ತಿನ ವ್ಯವಸ್ಥೆ ಈ ಮೂರನ್ನು ಒಂದೊಂದಾಗಿ ನೋಡಬೇಕು. ಲಯನೆಲ್‌ನ ಹಳೆಯ ಕೊಳವೆ ಹಳಿಗಳನ್ನೇ ತೆಗೆದುಕೊಳ್ಳಿ. ಒ ಮತ್ತು ಒ27 ಎಂಬ ಎರಡು ಬಗೆಗಳಿಗೂ ಗೇಜ್ ಒಂದೇ. ಆದರೆ ಮೊದಲನೆಯದು ಸುಮಾರು 17.5 ಮಿ.ಮೀ. ಎತ್ತರ, ಎರಡನೆಯದು ಸುಮಾರು 11 ಮಿ.ಮೀ., ಜೋಡಿಸುವ ಪಿನ್ನುಗಳ ದಪ್ಪವೂ ಬೇರೆ. ಮೇಲಿನಿಂದ ನೋಡುವ ಕಣ್ಣಿಗೆ ಇದು ಕಾಣುವುದಿಲ್ಲ, ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಕಣ್ಣನ್ನು ಮೇಜಿನ ಮಟ್ಟಕ್ಕೆ ಇಳಿಸಿದಾಗ ಮಾತ್ರ ಕಾಣುತ್ತದೆ.

ಗೇಜ್ ಒಂದೇ ಆಗಿರುವುದೇ ಕೆಲವೊಮ್ಮೆ ದೊಡ್ಡ ಬಲೆಯಾಗುತ್ತದೆ. 16.5 ಮಿ.ಮೀ. ಹಳಿಗಳಲ್ಲಿ ಬಹುಪಾಲು ತಯಾರಕರದು ಎರಡು ಕಂಬಿಯ ಪದ್ಧತಿ. ಎಡದ ಕಂಬಿ ವಿದ್ಯುತ್ತಿನ ಒಂದು ಧ್ರುವ, ಬಲದ ಕಂಬಿ ಇನ್ನೊಂದು. ಜರ್ಮನಿಯ ಮಾರ್ಕ್ಲಿನ್ ಪದ್ಧತಿಯಲ್ಲಿ ಎರಡೂ ಕಂಬಿಗಳು ಸೇರಿ ಒಂದೇ ಧ್ರುವ. ಇನ್ನೊಂದು ಧ್ರುವ ಹಳಿಯ ನಡುವೆ ಸಾಲಾಗಿ ತಲೆಯೆತ್ತಿರುವ ಸಣ್ಣ ಲೋಹದ ಮೊಳೆಗಳಲ್ಲಿದೆ, ಎಂಜಿನ್ನಿನ ಹೊಟ್ಟೆಯಡಿಯ ಉದ್ದನೆಯ ಪಟ್ಟಿ ಅವನ್ನು ಸವರುತ್ತ ಸಾಗುತ್ತದೆ. ಅಲ್ಲಿ ಎಡ ಬಲ ಚಕ್ರಗಳ ನಡುವೆ ಅವಾಹಕ ಇರಬೇಕಾದ ಅಗತ್ಯವಿಲ್ಲ. ಅಂಥ ಎಂಜಿನ್ ಎರಡು ಕಂಬಿಯ ಹಳಿಗೆ ಬಂದ ಕ್ಷಣವೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಇಂಗ್ಲೆಂಡಿನ ಹಾರ್ನ್‌ಬಿ ಡಬ್ಲೋ 1938ರಲ್ಲಿ ಮೂರು ಕಂಬಿಯ ಹಳಿಯೊಂದಿಗೆ ಆರಂಭವಾಗಿ 1959ರಲ್ಲಿ ಎರಡು ಕಂಬಿಗೆ ಬಂದಾಗಲೂ ಇದೇ ತೊಡಕು ಎದುರಾಗಿತ್ತು. ಇಂಥ ಎರಡು ಪದ್ಧತಿಗಳನ್ನು ಒಂದೇ ಸುತ್ತಿನಲ್ಲಿ ಬೆರೆಸಬಾರದು. ಒಂದೇ ಮೇಜಿನ ಮೇಲೆ ಒಂದರೊಳಗೊಂದು ಎರಡು ಸ್ವತಂತ್ರ ಸುತ್ತುಗಳಾಗಿ ಹಾಸಿ, ಪ್ರತಿಯೊಂದಕ್ಕೂ ಅದರದೇ ಟ್ರಾನ್ಸ್‌ಫಾರ್ಮರ್ ಕೊಟ್ಟರೆ ನೋಟಕ್ಕೆ ಕೊರತೆಯೇನೂ ಆಗುವುದಿಲ್ಲ.

ಒಂದೇ ಪದ್ಧತಿಯೊಳಗಿನ ತಲೆಮಾರುಗಳನ್ನು ಬೆರೆಸುವುದಕ್ಕೆ ಮಾರ್ಕ್ಲಿನ್ ಹಳಿಗಳು ಒಳ್ಳೆಯ ಪಾಠ ಹೇಳುತ್ತವೆ. ತಗಡಿನ ಮೈಗೆ ಜಲ್ಲಿಯ ಚಿತ್ರ ಅಚ್ಚೊತ್ತಿದ ಎಂ ಹಳಿ, 1969ರಲ್ಲಿ ಬಂದ, ಜಲ್ಲಿಯಿಲ್ಲದೆ ಬರಿಯ ಸ್ಲೀಪರುಗಳ, ಅಂದರೆ ಕಂಬಿಗಳಡಿಯ ಅಡ್ಡಪಟ್ಟಿಗಳ ಕೆ ಹಳಿ, 1996ರಲ್ಲಿ ಬಂದ ಪ್ಲಾಸ್ಟಿಕ್ ಜಲ್ಲಿಯ ಸಿ ಹಳಿ, ಈ ಮೂರರ ಮೇಲೂ ಒಂದೇ ಎಂಜಿನ್ ಓಡುತ್ತದೆ. ಜೋಡಣೆ ಮಾತ್ರ ಮೂರರದೂ ಬೇರೆ. ಎಂ ಹಳಿಯಲ್ಲಿ ತಗಡಿನ ನಾಲಿಗೆಗಳು ಒಂದರೊಳಗೊಂದು ನುಗ್ಗುತ್ತವೆ, ಸಿ ಹಳಿ ಟಿಕ್ ಎಂಬ ಸದ್ದಿನೊಂದಿಗೆ ಕಚ್ಚಿಕೊಳ್ಳುತ್ತದೆ. ಇದಕ್ಕೆಂದೇ ತಯಾರಕರು ಅಡಾಪ್ಟರ್ ಹಳಿಗಳನ್ನು ಮಾಡಿದ್ದಾರೆ: ಸಿ ಹಳಿಯಿಂದ ಎಂ ಹಳಿಗೆ 24951, ಸಿ ಹಳಿಯಿಂದ ಕೆ ಹಳಿಗೆ 24922 ಎಂಬ ಸಂಖ್ಯೆಯ ತುಂಡುಗಳು. ಇವು ದೊರೆಯುವಾಗ ಮನೆಯಲ್ಲೇ ಏನಾದರೂ ಹೊಂದಿಸಹೊರಡುವುದು ಜಾಣತನವಲ್ಲ. ಒಮ್ಮೆ ಅವಸರಪಟ್ಟು ತಗಡಿನ ಹಳಿಯ ನಾಲಿಗೆಯನ್ನು ಇಕ್ಕಳದಿಂದ ಬಾಗಿಸಿ ಪ್ಲಾಸ್ಟಿಕ್ ಹಳಿಯ ಬಾಯಿಗೆ ತುರುಕಲು ಹೋಗಿ, ನಾಲಿಗೆಯೂ ಮುರಿದು ಬಾಯಿಯೂ ಸೀಳಿ, ಎರಡು ತಲೆಮಾರಿನ ಒಂದೊಂದು ಹಳಿಯನ್ನು ಒಂದೇ ನಿಮಿಷದಲ್ಲಿ ಕಳೆದುಕೊಂಡವನು ನಾನು.

ಅಡಾಪ್ಟರ್ ಹಾಕಿದ ಮೇಲೂ ರೇಖಾಗಣಿತ ಉಳಿದೇ ಇರುತ್ತದೆ. ಎಂ ಮತ್ತು ಕೆ ಹಳಿಗಳ ಸಾಮಾನ್ಯ ನೇರ ತುಂಡು 180 ಮಿ.ಮೀ. ಉದ್ದ, ಸಿ ಹಳಿಯದು 188.3 ಮಿ.ಮೀ. ಒಂದು ತುಂಡಿಗೆ 8.3 ಮಿ.ಮೀ. ವ್ಯತ್ಯಾಸವಾದರೆ ನಾಲ್ಕು ತುಂಡಿಗೆ ಮೂರು ಸೆಂಟಿಮೀಟರು ದಾಟುತ್ತದೆ, ಸುತ್ತು ಕೂಡುವ ಜಾಗದಲ್ಲಿ ಬಾಯಿ ತೆರೆದುಕೊಳ್ಳುತ್ತದೆ. ಇದನ್ನು ತಪ್ಪಿಸುವ ಉಪಾಯ ಸರಳವಾದದ್ದು. ಅಂಡಾಕಾರದ ದಾರಿಯಲ್ಲಿ ಒಂದು ಅರ್ಧವನ್ನು ಹಳೆಯ ಹಳಿಗೂ ಇನ್ನೊಂದು ಅರ್ಧವನ್ನು ಹೊಸ ಹಳಿಗೂ ಬಿಟ್ಟುಕೊಟ್ಟು, ಎರಡೂ ಗಡಿಗಳನ್ನು ಎದುರುಬದುರಿನ ನೇರಭಾಗಗಳಲ್ಲಿ ಇಟ್ಟು, ಆ ಎರಡು ನೇರಭಾಗಗಳಲ್ಲೂ ಅವೇ ತುಂಡುಗಳನ್ನು ಅಷ್ಟೇ ಸಂಖ್ಯೆಯಲ್ಲಿ ಹಾಕಿದರೆ ಎರಡೂ ಬದಿಯ ಉದ್ದ ತಾನಾಗಿಯೇ ಸಮವಾಗುತ್ತದೆ, ಯಾವ ತುಂಡು ಎಷ್ಟು ಉದ್ದವೆಂದು ಲೆಕ್ಕ ಹಾಕುವ ಅಗತ್ಯವೇ ಬರುವುದಿಲ್ಲ.

ಈ ಉಪಾಯಕ್ಕೆ ಒಂದು ಷರತ್ತಿದೆ: ಎರಡು ತುದಿಗಳ ಅರ್ಧವೃತ್ತಗಳ ವ್ಯಾಸ ಒಂದೇ ಆಗಿರಬೇಕು. ಮಾರ್ಕ್ಲಿನ್‌ನ ಮೂರೂ ಹಳಿಗಳಲ್ಲಿ ಮೊದಲ ವೃತ್ತದ ತ್ರಿಜ್ಯ 360 ಮಿ.ಮೀ., 12 ತುಂಡಿಗೆ ಒಂದು ವೃತ್ತ; ಆದ್ದರಿಂದ ಅಲ್ಲಿ ತೊಂದರೆಯಿಲ್ಲ. ಎರಡನೆಯ ವೃತ್ತಕ್ಕೆ ಬಂದರೆ ಸಿ ಹಳಿಯ ತ್ರಿಜ್ಯ 437.5 ಮಿ.ಮೀ., ಕೆ ಹಳಿಯದು 424.6 ಮಿ.ಮೀ. ಒಂದು ತುದಿಗೆ ಇದನ್ನೂ ಇನ್ನೊಂದು ತುದಿಗೆ ಅದನ್ನೂ ಹಾಕಿದರೆ ವ್ಯಾಸದಲ್ಲಿ 25.8 ಮಿ.ಮೀ. ವ್ಯತ್ಯಾಸ ಬಂದು ನೇರಭಾಗಗಳು ಸಮಾಂತರವಾಗಿ ಉಳಿಯುವುದಿಲ್ಲ. ತಯಾರಕರು ಯಾರೇ ಇರಲಿ, ಮೊದಲು ಎರಡೂ ತಲೆಮಾರಿನ ಅರ್ಧವೃತ್ತಗಳನ್ನು ನೆಲದ ಮೇಲೆ ಬಿಡಿಯಾಗಿ ಹಾಸಿ ಅಗಲವನ್ನು ಟೇಪಿನಿಂದ ಅಳೆದು ನೋಡುವುದು ಐದು ನಿಮಿಷದ ಕೆಲಸ.

ಲೆಗೊ ರೈಲಿನ ಕಥೆ ಇದಕ್ಕೆ ತಿರುಗಾಮುರುಗಾ. 1991ರಲ್ಲಿ ಬಂದ 9 ವೋಲ್ಟ್ ಹಳಿಗೂ, 2006ರಿಂದ ಬಂದ ಅಪ್ಪಟ ಪ್ಲಾಸ್ಟಿಕ್ ಹಳಿಗೂ ಅಳತೆಯಲ್ಲಾಗಲಿ ಜೋಡಣೆಯಲ್ಲಾಗಲಿ ವ್ಯತ್ಯಾಸವಿಲ್ಲ. ನೇರ ತುಂಡು 128 ಮಿ.ಮೀ., 16 ತಿರುವು ತುಂಡಿಗೆ ಒಂದು ವೃತ್ತ, ಎರಡೂ ಒಂದಕ್ಕೊಂದು ಸಲೀಸಾಗಿ ಕೂಡಿಕೊಳ್ಳುತ್ತವೆ. ತೊಡಕಿರುವುದು ವಿದ್ಯುತ್ತಿನಲ್ಲಿ. 9 ವೋಲ್ಟ್ ಮೋಟರು ಕಂಬಿಗೆ ಹೊದಿಸಿದ ಲೋಹದ ಪಟ್ಟಿಯಿಂದಲೇ ಶಕ್ತಿ ಪಡೆಯುವುದರಿಂದ ಪ್ಲಾಸ್ಟಿಕ್ ಹಳಿಯ ಮೇಲೆ ಬಂದೊಡನೆ ನಿಂತುಬಿಡುತ್ತದೆ. ಬ್ಯಾಟರಿಯ ಎಂಜಿನ್ನಿಗಾದರೋ ಎರಡೂ ಹಳಿ ಒಂದೇ. ಆದ್ದರಿಂದ ಬ್ಯಾಟರಿ ಎಂಜಿನ್ ಮಾತ್ರ ಓಡಿಸುವವರು ಎರಡನ್ನೂ ಮನಸ್ಸಿಗೆ ಬಂದಂತೆ ಬೆರೆಸಬಹುದು. ಹಳೆಯ ಮೋಟರನ್ನೂ ಓಡಿಸಬೇಕೆನ್ನುವವರು ಮುಖ್ಯ ಸುತ್ತನ್ನು ಪೂರ್ತಿಯಾಗಿ ಲೋಹದ ಹಳಿಯಿಂದ ಮಾಡಿ, ಪ್ಲಾಸ್ಟಿಕ್ಕನ್ನು ರೈಲು ನಿಲ್ಲಿಸುವ ಪಕ್ಕದ ಹಳಿಗಳಿಗೆ ಮೀಸಲಿಡುವುದು ಒಳ್ಳೆಯದು. ಲೋಹದ ಹಳಿ ಸಾಲದೆ ಬಂದರೆ ಉದ್ದನೆಯ ರೈಲಿನ ಮುಂದೊಂದು ಹಿಂದೊಂದು ಮೋಟರು ಇಟ್ಟು ಎರಡನ್ನೂ ತಂತಿಯಿಂದ ಕೂಡಿಸಬಹುದು. ಒಂದು ಮೋಟರು ಪ್ಲಾಸ್ಟಿಕ್ಕಿನ ಮೇಲಿರುವಾಗ ಇನ್ನೊಂದು ಲೋಹದ ಮೇಲಿದ್ದು ಎರಡಕ್ಕೂ ಶಕ್ತಿ ಒದಗಿಸುತ್ತದೆ. ಪ್ಲಾಸ್ಟಿಕ್ ಭಾಗ ಎರಡು ಮೋಟರುಗಳ ನಡುವಿನ ಅಂತರಕ್ಕಿಂತ ಚಿಕ್ಕದಿರಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ. 1969ರ 12 ವೋಲ್ಟ್ ವ್ಯವಸ್ಥೆಯಲ್ಲಿ ಶಕ್ತಿ ಹರಿಯುವುದು ಹಳಿಯ ನಡುವೆ ಹಾಸಿದ ಬೇರೆ ಕಂಬಿಗಳಲ್ಲಿ. ಆ ಮೋಟರು 9 ವೋಲ್ಟ್ ಹಳಿಯ ಮೇಲೆ ಅಲುಗಾಡುವುದಿಲ್ಲ. ಅದಕ್ಕೊಂದು ಪ್ರತ್ಯೇಕ ಸುತ್ತು ಮಾಡಿಕೊಡುವುದೇ ಲೇಸು.

ವಿದ್ಯುತ್ತಿಲ್ಲದ ಹಳಿಗಳಲ್ಲಿ ಉಳಿಯುವುದು ಜೋಡಣೆಯ ಪ್ರಶ್ನೆ ಮಾತ್ರ. ಪ್ಲಾರೈಲ್ 1959ರಲ್ಲಿ ಆರಂಭವಾದಾಗಿನ ಅಳತೆಯನ್ನೇ ಉಳಿಸಿಕೊಂಡು ಬಂದಿರುವುದರಿಂದ ಅದರ ನೀಲಿ ಹಳಿಗಳು ಎಷ್ಟೇ ಹಳೆಯವಾದರೂ ಕೂಡುತ್ತವೆ. ಥಾಮಸ್ ಎಂಜಿನ್ನುಗಳ ಮೋಟರು ಸರಣಿಯ ಹಳಿಗಳು ನೀಲಿಯಿಂದ ಕಂದಿಗೆ, ಕಂದಿನಿಂದ ಬೂದಿಗೆ ತಿರುಗಿದಾಗ ಬದಲಾದದ್ದು ಬಣ್ಣವೊಂದೇ ಅಲ್ಲವಾದ್ದರಿಂದ ಅಲ್ಲಿ ಅಡಾಪ್ಟರ್ ಬೇಕು. ಮರದ ಹಳಿಯಷ್ಟು ಉದಾರವಾದದ್ದು ಬೇರೆ ಯಾವುದೂ ಇಲ್ಲ. ಗೂಟ ಮತ್ತು ಗೂಡಿನ ನಡುವೆ ಇರುವ ಸಡಿಲಿಕೆಯೇ ಅದರ ಗುಣ, ಒಂದೆರಡು ಸೆಂಟಿಮೀಟರಿನ ಬಿರುಕನ್ನೂ ಸುತ್ತಿನ ಎಲ್ಲ ಕೀಲುಗಳಿಗೆ ಹಂಚಿ ಮುಚ್ಚಬಹುದು. ಬೇರೆ ತಯಾರಕರ ಗೂಟ ಬಿಗಿಯಾದರೆ ಗೂಡನ್ನು ಹಿಗ್ಗಿಸಲು ಹೋಗದೆ ಗೂಟವನ್ನೇ ನಯವಾದ ಉಜ್ಜುಕಾಗದದಿಂದ ಸ್ವಲ್ಪ ಸ್ವಲ್ಪವಾಗಿ ತಿಕ್ಕಬೇಕು, ಏಕೆಂದರೆ ಗೂಡಿನ ಸುತ್ತಲಿನ ಮರ ತೆಳುವಾಗಿದ್ದು ಬೇಗ ಸೀಳುತ್ತದೆ.

ಇನ್ನು ಗಡಿಯನ್ನು ನಯಗೊಳಿಸುವ ಕೆಲಸ. ಎರಡು ತುಂಡುಗಳನ್ನು ಕೂಡಿಸಿದ ಮೇಲೆ ಕಂಬಿಯ ತಲೆಯ ಮೇಲೆ ಹೆಬ್ಬೆರಳಿನ ಉಗುರನ್ನು ಒಂದು ದಿಕ್ಕಿನಿಂದಲೂ, ಮತ್ತೆ ಎದುರು ದಿಕ್ಕಿನಿಂದಲೂ ಮೆಲ್ಲಗೆ ಎಳೆಯಬೇಕು. ಒಂದು ದಿಕ್ಕಿನಲ್ಲಿ ಜಾರಿದ ಉಗುರು ಇನ್ನೊಂದು ದಿಕ್ಕಿನಲ್ಲಿ ತಡೆದರೆ ಅಲ್ಲಿ ಮೆಟ್ಟಿಲಿದೆ ಎಂದರ್ಥ. ರೈಲು ಮೆಟ್ಟಿಲನ್ನು ಇಳಿಯುವುದಕ್ಕೆ ಅಂಜುವುದಿಲ್ಲ, ಹತ್ತುವಾಗ ಎಡವುತ್ತದೆ. ಹಾಗೆಂದು ಇಳಿಯುವ ದಿಕ್ಕಿನಲ್ಲೇ ಓಡಿಸುತ್ತೇನೆಂದರೆ ನಡೆಯದು: ಎರಡು ಗಡಿಗಳ ಸುತ್ತಿನಲ್ಲಿ ಒಂದು ಕಡೆ ಇಳಿದದ್ದು ಇನ್ನೊಂದು ಕಡೆ ಹತ್ತಲೇಬೇಕು. ತಗ್ಗಿರುವ ತುಂಡಿನ ಕೆಳಗೆ ರಟ್ಟಿನ ಪಟ್ಟಿಗಳನ್ನು ಇಟ್ಟು ಎತ್ತರಿಸಬೇಕು. ಗಡಿಯ ತುಂಡನ್ನು ಮಾತ್ರ ಎತ್ತಿದರೆ ಅದರಾಚೆಗೆ ಹೊಸದೊಂದು ಉಬ್ಬು ಹುಟ್ಟುತ್ತದೆ. ಆದ್ದರಿಂದ ಗಡಿಯಲ್ಲಿ ಮೂರು ಪದರವಾದರೆ ಮುಂದಿನ ಕೀಲಿನಡಿ ಎರಡು, ಅದರ ಮುಂದಿನದಕ್ಕೆ ಒಂದು, ಹೀಗೆ ಏರನ್ನು ಹಂಚಬೇಕು.

ಎತ್ತರ ಸರಿಹೋದರೂ ಹಳೆಯ ಎಂಜಿನ್ ಹೊಸ ಹಳಿಯ ಮೇಲೆ ಟಕಟಕ ಸದ್ದು ಮಾಡಿದರೆ ಅದರ ಚಕ್ರದ ಒಳಗಿನ ಅಂಚನ್ನು ನೋಡಬೇಕು. ಹಳೆಯ ಆಟಿಕೆಗಳಲ್ಲಿ ಆ ಅಂಚು ಆಳವಾಗಿರುತ್ತಿತ್ತು. ಕೋಡ್ 100 ಎಂಬ ಕಂಬಿ 2.54 ಮಿ.ಮೀ. ಎತ್ತರ, ಕೋಡ್ 75 ಎಂಬುದು ಸುಮಾರು 1.9 ಮಿ.ಮೀ.; ಎರಡನೆಯದರ ಮೇಲೆ ಆಳವಾದ ಅಂಚಿನ ಚಕ್ರ ಕಂಬಿಯನ್ನು ಹಿಡಿದಿರುವ ಪ್ಲಾಸ್ಟಿಕ್ ಹಿಡಿಕೆಗಳಿಗೆ ತಗುಲುತ್ತ ಹೋಗುತ್ತದೆ. ಇದಕ್ಕೆ ಹಳಿಯ ಕಡೆಯಿಂದ ಪರಿಹಾರವಿಲ್ಲ. ಆ ಎಂಜಿನ್ನನ್ನು ಅದರ ಕಾಲದ ಹಳಿಯ ಮೇಲೆಯೇ ಓಡಿಸಬೇಕು.

ಲೋಹದ ಹಳಿಗಳಲ್ಲಿ ಗಡಿಯ ಕೀಲನ್ನು ನಂಬಿ ವಿದ್ಯುತ್ ದಾಟಿಸುವುದಕ್ಕಿಂತ ಎರಡೂ ಭಾಗಗಳಿಗೆ ಒಂದೇ ಟ್ರಾನ್ಸ್‌ಫಾರ್ಮರಿನಿಂದ ಬೇರೆ ಬೇರೆ ತಂತಿ ಎಳೆಯುವುದು ಮೇಲು, ಧ್ರುವಗಳು ಅದಲುಬದಲಾಗದಂತೆ ನೋಡಿಕೊಂಡರೆ ಸಾಕು. ಕೂಡಿಕೊಂಡ ಹಳಿಗೆ ಎರಡು ಟ್ರಾನ್ಸ್‌ಫಾರ್ಮರುಗಳನ್ನು ಯಾವ ಕಾರಣಕ್ಕೂ ಕೊಡಬಾರದು. ಹಳೆಯ ಟ್ರಾನ್ಸ್‌ಫಾರ್ಮರಿನ ವಯರು ಬಿರುಕು ಬಿಟ್ಟಿದ್ದರೆ, ಹಳಿ ಎಷ್ಟೇ ಹಳೆಯದಿರಲಿ, ಶಕ್ತಿಯ ಪೆಟ್ಟಿಗೆ ಹೊಸದಾಗಬೇಕು. ತುಕ್ಕು ಹಿಡಿದ ಕಂಬಿಯನ್ನು ಸ್ಟೀಲ್ ಉಣ್ಣೆಯಿಂದ ಉಜ್ಜುವ ಅಭ್ಯಾಸ ಹಲವರಿಗಿದೆ. ಅದರ ಎಳೆಗಳು ಮೋಟರಿನ ಅಯಸ್ಕಾಂತಕ್ಕೆ ಅಂಟಿಕೊಂಡು ಒಳಗೆ ಸೇರುತ್ತವೆ, ಮೇಲಿನ ಲೇಪವೂ ಸವೆಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಬಟ್ಟೆಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಗೆರೆ ಮೂಡುವುದು ನಿಲ್ಲುವ ತನಕ ಒರೆಸಬೇಕು.

ಪರೀಕ್ಷೆಗೆ ಇರುವುದರಲ್ಲಿ ಅತ್ಯಂತ ಹಗುರವಾದ ಬೋಗಿಯನ್ನು ಆರಿಸಿ, ಎಂಜಿನ್ನಿನ ಮುಂದೆ ಅದನ್ನು ಕಟ್ಟಿ, ಹಿಂದಿನಿಂದ ತಳ್ಳಿಸುತ್ತ ಗಡಿ ದಾಟಿಸಬೇಕು. ಎಳೆಸಿಕೊಂಡು ಹೋಗುವ ಬೋಗಿ ಸಣ್ಣ ದೋಷಗಳನ್ನು ಮನ್ನಿಸುತ್ತದೆ, ತಳ್ಳಿಸಿಕೊಳ್ಳುವ ಬೋಗಿ ಮನ್ನಿಸುವುದಿಲ್ಲ. ಹತ್ತು ಸಲ ದಾಟಿ ಒಂದು ಸಲವೂ ತಪ್ಪದಿದ್ದರೆ ಆ ಗಡಿ ಸಿದ್ಧವಾಯಿತು. ಬಿಚ್ಚಿಡುವಾಗ ಆ ಗಡಿಯ ತುಂಡುಗಳ ತಳಕ್ಕೆ ಪೆನ್ಸಿಲ್ಲಿನಿಂದ ಒಂದು, ಎರಡು ಎಂದು ಗುರುತು ಹಾಕಿ, ಅವುಗಳ ಕೆಳಗಿಟ್ಟಿದ್ದ ರಟ್ಟಿನ ಪಟ್ಟಿಗಳ ಮೇಲೂ ಅದೇ ಅಂಕಿ ಬರೆದು, ಎಲ್ಲವನ್ನೂ ಒಂದೇ ಚೀಲದಲ್ಲಿ ಕಟ್ಟಿಡುತ್ತೇನೆ. ಉಳಿದ ಹಳಿಗಳು ಆಯಾ ತಲೆಮಾರಿನ ಪೆಟ್ಟಿಗೆಗೆ ಹಿಂದಿರುಗುತ್ತವೆ.