ಇಂಟರ್ನ್‌ಶಿಪ್‌ನಲ್ಲಿ ನಿಮ್ಮ ಕೆಲಸ ಯಾವುದು ಅಂತ ಕಂಡುಕೊಳ್ಳುವುದು ಹೇಗೆ?

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮ್‌ನಲ್ಲಿ, ಅಂದರೆ ಆ ವರ್ಷದ ಪಠ್ಯಕ್ರಮದಲ್ಲಿ ಓದುತ್ತಿರುವ ಇಂಜಿನಿಯರಿಂಗ್ ಮಕ್ಕಳಿಗೆ ಕೊನೆಯ ವರ್ಷ ಇಂಟರ್ನ್‌ಶಿಪ್ ಕಡ್ಡಾಯ. ಕಡ್ಡಾಯ ಅಂದ ಕೂಡಲೇ ಬೇಗ ಸರ್ಟಿಫಿಕೇಟ್ ಎಲ್ಲಿ ಸಿಗುತ್ತದೆ ಅಂತ ಹುಡುಕುತ್ತೇವೆ, ಅಲ್ವಾ? ಓದುವಾಗ ನಾನೂ ದುಡ್ಡು ಕಟ್ಟಿ ಒಂದು ಕಡೆ ಸೇರಿದ್ದೆ. ನಾಲ್ಕು ವಾರ ಪಿಪಿಟಿ ತೋರಿಸಿ ಕಳಿಸಿದರು.

ಮುಂದಿನ ರಜೆಯಲ್ಲಿ ಬೆಂಗಳೂರಿನ ಪೀಣ್ಯದಲ್ಲಿ, ಲೋಹದ ಬಿಡಿಭಾಗ ಮಾಡುವ ಸಣ್ಣ ಮಷಿನ್ ಶಾಪ್ ಒಂದಕ್ಕೆ ಹೋದೆ. ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಣದ ಮಷಿನ್) ಪ್ರೋಗ್ರಾಮಿಂಗ್ ಕಲಿತು ಅದರಲ್ಲೇ ಮುಂದೆ ಹೋಗಬೇಕು ಅಂತ ಆಸೆ ಇತ್ತು. ಆದರೆ ಮಷಿನ್ ಮುಂದೆ ನಿಂತರೆ ಗಡಿಯಾರ ನೋಡುತ್ತಿದ್ದೆ. ಮಾಡಿದ ಭಾಗಗಳ ಅಳತೆ ನೋಡುವ ಕ್ವಾಲಿಟಿ ಟೇಬಲ್‌ಗೆ ಕಳಿಸಿದ ದಿನ ಮಾತ್ರ, ಬೆಳಗ್ಗೆ ಸರಿಯಿದ್ದ ಬೋರ್ (ಕೊರೆದ ತೂತು) ಮಧ್ಯಾಹ್ನಕ್ಕೆ 20 ಮೈಕ್ರಾನ್, ಅಂದರೆ 0.02 ಮಿ.ಮೀ., ಯಾಕೆ ಚಿಕ್ಕದಾಯಿತು, ಕೊರೆಯುವ ಟೂಲ್‌ನ ತುದಿಯ ಇನ್ಸರ್ಟ್ ಸವೆದಿದೆಯಾ ಅಂತ ಹುಡುಕುತ್ತಾ ಊಟದ ಹೊತ್ತು ಮೀರಿದ್ದೇ ಗೊತ್ತಾಗಲಿಲ್ಲ. ಈಗ ನನ್ನ ಕೆಲಸ ಕ್ವಾಲಿಟಿಯಲ್ಲೇ.

ಸೇರುವ ಮುಂಚೆ ಫೋನ್ ಮಾಡಿ ಕೇಳಿ: ನನಗೆ ಕೆಲಸ ಹೇಳಿಕೊಡುವವರು ಯಾರು, ಮೊದಲ ವಾರ ಏನು ಮಾಡಿಸುತ್ತೀರಿ? ಇದಕ್ಕೆ ನೆಟ್ಟಗೆ ಉತ್ತರ ಬರದೆ ಫೀಸ್ ಎಷ್ಟು ಅಂತ ಮಾತ್ರ ಹೇಳಿದರೆ ಬಿಟ್ಟುಬಿಡಿ. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇಯ ಇಂಟರ್ನ್‌ಶಿಪ್ ಪೋರ್ಟಲ್‌ನಲ್ಲಿ ನೋಡಿ, ಕಾಲೇಜಿನ ಸೀನಿಯರ್‌ಗಳನ್ನು ಕೇಳಿ. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಬಗ್ಗೆ ಜಾಸ್ತಿ ಜನ ಕೇಳುತ್ತಾರೆ. 2024ರಲ್ಲಿ ಅದು ಶುರುವಾದಾಗ ತಿಂಗಳಿಗೆ 5,000 ರೂಪಾಯಿ, 12 ತಿಂಗಳು ಅಂತಿತ್ತು, ಆದರೆ ರೆಗ್ಯುಲರ್ ಕಾಲೇಜಿಗೆ ಹೋಗುತ್ತಿರುವವರಿಗೆ ಅವಕಾಶ ಇರಲಿಲ್ಲ. ಹಾಗಾಗಿ ಅರ್ಜಿ ಹಾಕುವ ಮುಂಚೆ ನಿಯಮ ಓದಿ.

ಸೇರಿದ ಮೇಲೆ ದಿನಾ ಸಂಜೆ ಡೈರಿಯಲ್ಲಿ ಮೂರು ಸಾಲು ಬರೆದಿಡಿ. ಇವತ್ತು ಏನು ಮಾಡಿದೆ, ಯಾವಾಗ ಬೇಜಾರಾಯಿತು, ಯಾವಾಗ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ. ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಬರೆದರೂ ಸಾಕು. ಕಾಲೇಜಿಗೆ ಕೊಡುವ ರಿಪೋರ್ಟ್ ಬೇರೆ, ಇದು ನಿಮಗೆ ಮಾತ್ರ, ಆದ್ದರಿಂದ ಸುಳ್ಳು ಬರೆಯಬೇಡಿ.

ಇನ್ನೊಂದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಬೇರೆ ಇಂಟರ್ನ್‌ಗಳ ಜೊತೆ ಗುಂಪು ಕಟ್ಟಿಕೊಂಡು ಊಟ ಮಾಡಬೇಡಿ. ಅಲ್ಲೇ ಐದಾರು ವರ್ಷದಿಂದ ಇರುವವರ ಪಕ್ಕ ಡಬ್ಬಿ ಬಿಚ್ಚಿ, "ಸರ್, ನೀವು ದಿನಾ ಏನೇನು ಮಾಡ್ತೀರಾ?" ಅಂತ ಕೇಳಿ. ನಾಳೆ ನೀವು ಕೂರುವ ಕುರ್ಚಿ ಅದು. ಸಾಫ್ಟ್‌ವೇರ್‌ನಲ್ಲಾದರೆ ರಾತ್ರಿ ಕಾಲ್ ಎಷ್ಟು, ಸೈಟ್ ಕೆಲಸ ಆದರೆ ಮನೆಗೆ ಯಾವಾಗ ಹೋಗುತ್ತಾರೆ, ಶಿಫ್ಟ್ ಹೇಗೆ, ಇವೆಲ್ಲ ಕ್ಲಾಸಿನಲ್ಲಿ ಯಾರೂ ಹೇಳುವುದಿಲ್ಲ. ಅರ್ಧ ಅವಧಿ ಮುಗಿದ ಮೇಲೆ, ಒಂದು ವಾರ ಬೇರೆ ವಿಭಾಗಕ್ಕೆ ಹಾಕಿ ಅಂತ ಧೈರ್ಯವಾಗಿ ಕೇಳಿ. ನನಗೆ ಕ್ವಾಲಿಟಿ ಸಿಕ್ಕಿದ್ದೇ ಹಾಗೆ.

ಈ ಕೆಲಸ ನನಗಲ್ಲ ಅಂತ ಗೊತ್ತಾದರೆ ಅಳುಕಬೇಡಿ. ಎರಡು ತಿಂಗಳಲ್ಲಿ ಗೊತ್ತಾಯಿತಲ್ಲ, ಕೆಲಸಕ್ಕೆ ಸೇರಿ ಮೂರು ವರ್ಷ ಆದ ಮೇಲೆ ಅಲ್ಲ.

ಕೊನೆಯ ದಿನ ಅಲ್ಲಿಯೇ ಕೆಲಸ ಕೊಡುತ್ತೇವೆ ಅಂದರೆ ಖುಷಿಯಲ್ಲಿ ತಕ್ಷಣ ಹೂಂ ಅನ್ನಬೇಡಿ. ಒಂದು ವಾರ ಸಮಯ ಕೇಳಿ. ಬಾಂಡ್, ಅಂದರೆ ಇಷ್ಟು ವರ್ಷ ಕೆಲಸ ಬಿಡುವುದಿಲ್ಲ ಅನ್ನುವ ಒಪ್ಪಂದ, ಎಷ್ಟು ವರ್ಷ ಅಂತ ನೋಡಿ, ಕೈಗೆ ಬರುವ ಸಂಬಳದಲ್ಲಿ ಪಿಜಿ ಬಾಡಿಗೆ ಕಳೆದು ಎಷ್ಟು ಉಳಿಯುತ್ತದೆ ಅಂತ ಮನೆಯವರ ಜೊತೆ ಕೂತು ಲೆಕ್ಕ ಹಾಕಿ. ಆಮೇಲೆ ಆ ಡೈರಿ ತೆಗೆದು ಮೊದಲ ಪುಟದಿಂದ ಓದಿ, ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ ಅಂತ ಎಷ್ಟು ದಿನ ಬರೆದಿದ್ದೀರಿ ಅಂತ ಎಣಿಸಿ.