ಕಂದ ಪದ್ಯಕ್ಕೆ ಪ್ರಸ್ತಾರ ಹಾಕುವ ಮ್ಯಾಕ್ರೋ: ನನ್ನ ಅನುಭವ

ಕಂದ ಪದ್ಯದ ಮೇಲೆ ಗುರು (–), ಲಘು (∪) ಗುರುತು, ಅಂದರೆ ಪ್ರಸ್ತಾರ, ಪುಟ ಜೋಡಿಸುವ ಟೆಕ್ ತಂತ್ರಾಂಶದಲ್ಲಿ ತಾನಾಗಿ ಬೀಳುವ ಹಾಗೆ ಮಾಡಲು ಆಗುವುದಿಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಇಪ್ಪತ್ತು ವರ್ಷದಿಂದ ಡಿಟಿಪಿ ಮಾಡುತ್ತಿರುವ ಗೆಳೆಯ "ಕೋರೆಲ್‌ನಲ್ಲಿ ಕೈಯಲ್ಲೇ ಎಳೆದುಬಿಡು ಮಾರಾಯ, ಬೇಗ ಮುಗಿಯುತ್ತೆ" ಎಂದ. ಗ್ರಂಥ ಸಂಪಾದನೆ ಮಾಡುತ್ತಿದ್ದ ಮೇಷ್ಟ್ರು "ಕಂಪ್ಯೂಟರಿಗೆ ಛಂದಸ್ಸು ಹೇಗೆ ಗೊತ್ತಾಗುತ್ತದಪ್ಪಾ?" ಎಂದು ಕೇಳಿದರು. ಈಗ ಪುಸ್ತಕ ಅಚ್ಚಾಗಿ ಬಂದಿದೆ. ಸುಮಾರು 280 ಪುಟ, ನಾನೂರರ ಹತ್ತಿರ ಪದ್ಯ. ಒಂದೇ ಒಂದು ಗುರುತನ್ನೂ ಕೈಯಲ್ಲಿ ಎಳೆದಿಲ್ಲ. ಇದನ್ನು ಮಾಡಿದವರು ನಮ್ಮ ಕಡೆ ಬೇರೆ ಯಾರೂ ನನಗೆ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಮಾಮೂಲಿ ಕನ್ನಡ ಪುಟಕ್ಕೆ ನನಗೆ 30-35 ರೂಪಾಯಿ ಸಿಗುತ್ತದೆ. ಪ್ರಸ್ತಾರ ಇರುವ ಪುಟಕ್ಕೆ ಬೇರೆಯವರು 150ರ ಹತ್ತಿರ ಕೇಳಿದ್ದರು. ನಾನು 70ಕ್ಕೆ ಒಪ್ಪಿಕೊಂಡೆ, ಮುಂಗಡ ಐದು ಸಾವಿರ ತಗೊಂಡೆ. ಮ್ಯಾಕ್ರೋ, ಅಂದರೆ ಒಂದು ಹೆಸರಿಟ್ಟು ಕಟ್ಟಿದ ಆದೇಶಗಳ ಗುಂಪು, ಒಂದು ಸಲ ಕೂತರೆ ಉಳಿದದ್ದೆಲ್ಲ ಲಾಭ ಎಂಬ ಲೆಕ್ಕ ನನ್ನದು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅದು ಕೂರುವುದಕ್ಕೆ ಒಂದು ಮದುವೆ ಸೀಸನ್ ಪೂರ್ತಿ ಹೋಯಿತು. ಲಗ್ನಪತ್ರಿಕೆ ಕೆಲಸ ಬಿಟ್ಟುಕೊಟ್ಟಿದ್ದರಿಂದಲೇ 25-30 ಸಾವಿರ ಕೈಬಿಟ್ಟಿತು.

ಎಂಜಿನ್ ಲುವಾಲೇಟೆಕ್, ಅಂದರೆ ಒಳಗೆ ಲುವಾ ಎಂಬ ಪ್ರೋಗ್ರಾಮಿಂಗ್ ಭಾಷೆಯೂ ಓಡುವ ಟೆಕ್. ಫಾಂಟ್ ನೋಟೋ ಸೆರಿಫ್ ಕನ್ನಡ, ಫಾಂಟ್ ಆರಿಸುವ ಫಾಂಟ್‌ಸ್ಪೆಕ್ ಪ್ಯಾಕೇಜಿನಲ್ಲಿ ಸ್ಕ್ರಿಪ್ಟ್ ಕನ್ನಡ, ಅಕ್ಷರ ಕೂಡಿಸಿ ರೂಪ ಕೊಡುವ ರೆಂಡರರ್ ಹಾರ್ಫ್‌ಬಜ್. ರೆಂಡರರ್ ಹೇಳದೆ ಬಿಟ್ಟರೆ ನೋಡ್ ಮೋಡ್ ಎಂಬ ಇನ್ನೊಂದು ರೆಂಡರರ್ ಹಿಡಿಯುತ್ತದೆ, ಒತ್ತಕ್ಷರ ನಂಬುವ ಹಾಗಿರುವುದಿಲ್ಲ. ಟೆಕ್ ಬಳಸುವವರಿಗೆಲ್ಲ ಇದು ಗೊತ್ತಿರುವುದೇ.

ಮೊದಲ ಸೋಲು ಶುದ್ಧ ಟೆಕ್ ಮ್ಯಾಕ್ರೋದಲ್ಲಿ. ಸಾಲನ್ನು ಒಂದೊಂದೇ ಅಕ್ಷರವಾಗಿ ನುಂಗುತ್ತಾ ಹೋಗುವ, ತನ್ನನ್ನೇ ಮತ್ತೆ ಕರೆದುಕೊಳ್ಳುವ (ರಿಕರ್ಸಿವ್) ಮ್ಯಾಕ್ರೋ ಬರೆದೆ. ಇಂಗ್ಲಿಷಿಗೆ ಚೆನ್ನಾಗಿ ಓಡಿತು. ಕನ್ನಡಕ್ಕೆ ಬಂದಾಗ ಪುಟದ ತುಂಬ ಚುಕ್ಕೆ ವೃತ್ತಗಳು. ಟೆಕ್‌ಗೆ ಅಕ್ಷರ ಎಂದರೆ ಒಂದು ಕೋಡ್‌ಪಾಯಿಂಟ್, ಅಂದರೆ ಯೂನಿಕೋಡ್ ಪಟ್ಟಿಯ ಒಂದು ಸಂಖ್ಯೆ. 'ಸ್ತ್ರೀ' ನಮಗೆ ಒಂದು ಅಕ್ಷರ, ಅದಕ್ಕೆ ಆರು: ಸ, ಹಲಂತ (ಸ್ವರ ಇಲ್ಲ ಎಂಬ ಚಿಹ್ನೆ), ತ, ಹಲಂತ, ರ, ದೀರ್ಘ ಈಕಾರ. ಮ್ಯಾಕ್ರೋ 'ಸ' ಒಂದನ್ನೇ ಎತ್ತಿಕೊಂಡು ಬಾಕ್ಸಿಗೆ ಹಾಕುತ್ತದೆ. ಒಂಟಿಯಾದ ಹಲಂತ, ಸ್ವರಚಿಹ್ನೆಗಳು ವೃತ್ತದ ಮೇಲೆ ಕೂರುತ್ತವೆ. ಅಧ್ಯಾಯದ ಮೊದಲಕ್ಷರ ದೊಡ್ಡದು ಮಾಡಲು ಹೋದವರಿಗೂ ಇದೇ ಕಾಟ ಬಂದಿರುತ್ತದೆ, ಅಲ್ವಾ?

ಮುಂದಿನ ಟೋಕನ್ (ಟೆಕ್ ಓದುವ ತುಂಡು) ಏನೆಂದು ಫ್ಯೂಚರ್‌ಲೆಟ್ ಕಮಾಂಡಿನಿಂದ ಇಣುಕಿ ನೋಡಿ, ಹಲಂತವೋ ಸ್ವರಚಿಹ್ನೆಯೋ ಇದ್ದರೆ ಸೇರಿಸಿಕೊಳ್ಳುವ ಹಾಗೆ ತಿದ್ದಿದೆ. ಹತ್ತಿಪ್ಪತ್ತು ಪದ್ಯ ಸರಿ ಬಂತು. ಆಮೇಲೆ ಪದ್ಯದ ನಡುವೆ ಪಾಠಾಂತರಕ್ಕೆ ಅಡಿಟಿಪ್ಪಣಿ ಕಮಾಂಡ್ ಇದ್ದ ಕಡೆ ಎಲ್ಲ ಒಡೆಯಿತು. ಎರರ್ ಬಂದರೂ ಸಾಲಿನ ಸಂಖ್ಯೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಎನ್ವಿರಾನ್‌ಮೆಂಟಿನ (ಬಿಗಿನ್, ಎಂಡ್ ನಡುವಿನ ಭಾಗದ) ಒಡಲನ್ನು ಪೂರ್ತಿ ಆರ್ಗ್ಯುಮೆಂಟಾಗಿ ಹಿಡಿದಾಗ ತಪ್ಪು ಎಲ್ಲೇ ಇರಲಿ, ಟೆಕ್ ತೋರಿಸುವುದು ಎಂಡ್ ಇರುವ ಸಾಲನ್ನೇ. ಮ್ಯಾಕ್ರೋಗಳ ಪ್ರತಿ ಹೆಜ್ಜೆಯನ್ನೂ ಲಾಗ್‌ಗೆ ಬರೆಯುವ ಟ್ರೇಸಿಂಗ್‌ಮ್ಯಾಕ್ರೋಸ್ ಹಾಕಿದರೆ ಲಾಗ್ ಫೈಲ್ 40 ಎಂಬಿ ದಾಟಿತು. ಅದನ್ನು ಇಡೀ ಪುಸ್ತಕಕ್ಕೆ ಹಾಕಬೇಡಿ. ಒಂದೇ ಪದ್ಯದ ಸುತ್ತ ಗುಂಪು ಮಾಡಿ ಒಳಗಡೆ ಹಾಕಿ, ಎರರ್‌ಕಾಂಟೆಕ್ಸ್ಟ್‌ಲೈನ್ಸ್ ಮೌಲ್ಯವನ್ನು ನೂರಕ್ಕೆ ಏರಿಸಿ. ಆಗ ಯಾವ ಮ್ಯಾಕ್ರೋ ಯಾವುದನ್ನು ಕರೆಯಿತು ಎಂಬ ಸರಪಳಿ ಕಾಣುತ್ತದೆ.

ಎರಡನೇ ದಾರಿ ನೋಡ್ ಮಟ್ಟದಲ್ಲಿ, ಅಂದರೆ ಟೆಕ್ ಪುಟಕ್ಕಾಗಿ ಜೋಡಿಸಿಟ್ಟ ತುಂಡುಗಳ ಮೇಲೆ. ಸಾಲು ತಯಾರಾದ ಮೇಲೆ ಕಾಲ್‌ಬ್ಯಾಕ್‌ನಲ್ಲಿ (ಆ ಹಂತದಲ್ಲಿ ಟೆಕ್ ಕರೆಯುವ ಲುವಾ ಫಂಕ್ಷನ್) ಗ್ಲಿಫ್‌ಗಳನ್ನು (ಫಾಂಟಿನ ಅಕ್ಷರಚಿತ್ರಗಳನ್ನು) ಎಣಿಸಿ ಮೇಲೆ ಗುರುತು ಅಂಟಿಸೋಣ ಎಂದುಕೊಂಡೆ. ಆದರೆ ಶೇಪಿಂಗ್ (ಅಕ್ಷರ ಕೂಡಿಸಿ ರೂಪ ಕೊಡುವುದು) ಮುಗಿದ ಮೇಲೆ ಗ್ಲಿಫ್ ನೋಡ್‌ನಲ್ಲಿ ಇರುವುದು ಫಾಂಟಿನ ಒಳಗಿನ ಸಂಖ್ಯೆ. ಅದು 'ಕಿ' ಎಂಬ ಕೂಡಿದ ಗ್ಲಿಫ್ಫೋ, ಬರೀ ಒತ್ತೋ ಅದರಿಂದ ತಿಳಿಯುವುದಿಲ್ಲ. ಫಾಂಟ್ ಬದಲಾದರೆ ಸಂಖ್ಯೆಯೂ ಬದಲು. ಒಂದು ವಾರದಲ್ಲೇ ಆ ದಾರಿ ಬಿಟ್ಟೆ.

ಕೆಲಸ ಕೊಟ್ಟದ್ದು ಮೂರನೆಯದು. ಅಕ್ಷರ ಬಿಡಿಸುವುದೆಲ್ಲ ಲುವಾದಲ್ಲಿ, ಶೇಪಿಂಗಿಗೆ ಮುಂಚೆ, ಬರೀ ಪಠ್ಯದ ಮೇಲೆ. ಟೆಕ್ ಕಡೆ ಉಳಿಯುವುದು ಗುರು, ಲಘು ಎಂಬ ಎರಡು ಪುಟ್ಟ ಮ್ಯಾಕ್ರೋ ಮಾತ್ರ. ಲುವಾ ಸ್ಟ್ರಿಂಗ್ ಬೈಟ್ ಲೆಕ್ಕದಲ್ಲಿ ನಡೆಯುತ್ತದೆ, ಕನ್ನಡದ ಒಂದೊಂದು ಕೋಡ್‌ಪಾಯಿಂಟಿಗೂ ಮೂರು ಬೈಟ್. ಹಾಗಾಗಿ ಯುಟಿಎಫ್8 ಲೈಬ್ರರಿಯ ಕೋಡ್ಸ್ ಫಂಕ್ಷನ್ನಲ್ಲೇ ಸುತ್ತಬೇಕು. ಲುವಾ-ಯೂನಿ-ಆಲ್ಗೋಸ್ ಪ್ಯಾಕೇಜಿನ ಗ್ರಾಫೀಮ್ (ಯೂನಿಕೋಡ್ ನಿಯಮದ ಅಕ್ಷರ) ಬಿಡಿಸುವ ಭಾಗವನ್ನೂ ನೋಡಿದೆ. ಅದು 'ಸ್ತ್ರೀ'ಯನ್ನು ಸ್, ತ್, ರೀ ಎಂದು ಮೂರು ತುಂಡು ಮಾಡುತ್ತದೆ. ನಮ್ಮ ಅಕ್ಷರಕ್ಕೆ ಅದು ಸಾಲದು. ನಾನೇ ಬರೆದ ನಿಯಮ ಇಷ್ಟು: ಸ್ವರ ಅಥವಾ ವ್ಯಂಜನದಿಂದ ಶುರು, ಹಲಂತ ಬಂದು ಮುಂದೆ ವ್ಯಂಜನ ಇದ್ದರೆ ಅದೂ ಅದರೊಳಗೆ, ಆಮೇಲೆ ಸ್ವರಚಿಹ್ನೆ, ಅನುಸ್ವಾರ, ವಿಸರ್ಗ. ಕೊನೆಯಲ್ಲಿ ಸ್ವರವಿಲ್ಲದ ಒಂಟಿ ವ್ಯಂಜನ ಉಳಿದರೆ ಹಿಂದಿನ ಅಕ್ಷರದ ಬಾಕ್ಸಿಗೇ ಸೇರಿಸಿ ಅದನ್ನು ಗುರು ಮಾಡು. 'ಕಣ್‌ಗಳ್' ಎಂದು ನಡುವೆ ಅಕ್ಷರ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ನಾನ್-ಜಾಯಿನರ್ ಹಾಕಿ ಟೈಪ್ ಮಾಡಿದ್ದು ಬೇಕಾದಷ್ಟು ಇತ್ತು. ಎಣಿಕೆಗೆ ಅದನ್ನು ತೆಗೆದುಹಾಕುತ್ತೇನೆ, ಅಚ್ಚಿಗೆ ಉಳಿಸಿಕೊಳ್ಳುತ್ತೇನೆ. ಗುರು ಯಾವಾಗ, ಲಘು ಯಾವಾಗ ಎಂಬುದು ಹೈಸ್ಕೂಲಿನ ಪಾಠ, ಬಿಡಿ.

ಇಲ್ಲೂ ಎರಡು ಕಡೆ ದಿನಗಟ್ಟಲೆ ಸಿಕ್ಕಿಹಾಕಿಕೊಂಡೆ. ಒಂದು, ಟೆಕ್ ಕಡತದಲ್ಲೇ ಲುವಾ ಓಡಿಸುವ ಡೈರೆಕ್ಟ್‌ಲುವಾ ಕಮಾಂಡಿನ ಒಳಗೆ ಕೋಡ್ ಬರೆಯುವುದು. ಲುವಾಕ್ಕೆ ತಲುಪುವ ಮೊದಲು ಟೆಕ್ ಅದನ್ನು ಓದುತ್ತದೆ. ಲುವಾ ಪ್ಯಾಟರ್ನಿನ % ಟೆಕ್‌ಗೆ ಕಾಮೆಂಟ್, ಅಲ್ಲಿಂದ ಸಾಲು ಮಾಯ. ಸಾಲಿನ ಕೊನೆಗಳೆಲ್ಲ ಸ್ಪೇಸ್ ಆಗುವುದರಿಂದ ಲುವಾದ ಎರಡು ಅಡ್ಡಗೆರೆ ಕಾಮೆಂಟ್ ಹಾಕಿದರೆ ಅದರ ನಂತರದ ಕೋಡ್ ಪೂರ್ತಿ ಕಾಮೆಂಟ್. ಕೋಡನ್ನೆಲ್ಲ ಬೇರೆ ಲುವಾ ಫೈಲಿಗೆ ಹಾಕಿ ರಿಕ್ವೈರ್ ಮಾಡಿದ ದಿನ ಅರ್ಧ ಎರರ್‌ಗಳು ಹೋದವು.

ಎರಡನೆಯದು ಇನ್ನೂ ಕಿರಿಕಿರಿ. ಗುರುತುಗಳೆಲ್ಲ ಸರಿ, ಆದರೆ ಅಕ್ಷರಗಳ ನಡುವೆ ಸಣ್ಣ ಸಣ್ಣ ಸಂದು. ಫಾಂಟಿನ ತೊಂದರೆ ಎಂದು ಎರಡು ಮೂರು ಫಾಂಟ್ ಬದಲಿಸಿದೆ. ಪ್ರತಿ ಮ್ಯಾಕ್ರೋ ಸಾಲಿನ ಕೊನೆಗೂ % ಹಾಕಿದೆ. ಹೋಗಲಿಲ್ಲ. ಕೊನೆಗೆ ಸಾಲನ್ನು ಒಂದು ಬಾಕ್ಸಿಗೆ ತುಂಬಿ, ಅದರೊಳಗೆ ಏನಿದೆ ಎಂದು ಲಾಗ್‌ಗೆ ಬರೆಯುವ ಶೋಬಾಕ್ಸ್ ಕೊಟ್ಟೆ. ಶೋಬಾಕ್ಸ್‌ಡೆಪ್ತ್, ಶೋಬಾಕ್ಸ್‌ಬ್ರೆಡ್ತ್ ಎರಡನ್ನೂ ಏರಿಸಿದ ಮೇಲೆ ಲಾಗ್‌ನಲ್ಲಿ ಪ್ರತಿ ಎಚ್‌ಬಾಕ್ಸ್ ಆದಮೇಲೆ ಒಂದೊಂದು ಗ್ಲೂ (ಖಾಲಿ ಜಾಗ) ಕಂಡಿತು. ಲುವಾದಿಂದ ಟೆಕ್‌ಗೆ ಕಳಿಸುವಾಗ ಟೆಕ್ಸ್.ಪ್ರಿಂಟ್ ಬಳಸಿದರೆ ಒಂದೊಂದು ತುಂಡೂ ಒಂದು ಸಾಲು, ಸಾಲಿನ ಕೊನೆ ಒಂದು ಸ್ಪೇಸ್. ಟೆಕ್ಸ್.ಎಸ್‌ಪ್ರಿಂಟ್ ಎಂದು ಒಂದಕ್ಷರ ಸೇರಿಸಿದೆ, ಸಂದು ಹೋಯಿತು. ಇನ್ನೊಂದು ನೆನಪಿಡಿ: ಹೀಗೆ ಕಳಿಸಿದ್ದನ್ನು ಟೆಕ್ ಓದುವುದು ಲುವಾ ತುಂಡು ಮುಗಿದ ಮೇಲೆ. ಕಳಿಸಿದ ತಕ್ಷಣ ಲುವಾದಲ್ಲೇ ಅಗಲ ಅಳೆಯಲು ಹೋದರೆ ಹಳೆಯ ಬಾಕ್ಸಿನ ಅಳತೆ ಸಿಗುತ್ತದೆ.

ಗುರುತಿನ ಎತ್ತರ ಎಲ್ಲ ಅಕ್ಷರಕ್ಕೂ ಒಂದೇ ಇರಬೇಕು, ಇಲ್ಲದಿದ್ದರೆ 'ಕ' ಮೇಲೆ ಕೆಳಗೆ, 'ಕಿ' ಮೇಲೆ ಎತ್ತರಕ್ಕೆ ಕುಣಿಯುತ್ತದೆ. ಸ್ಮ್ಯಾಷ್ ಮಾಡಿ (ಬಾಕ್ಸಿನ ಎತ್ತರ ಸೊನ್ನೆ ಮಾಡಿ) ರೇಸ್ ಮಾಡಿದರೆ (ಮೇಲಕ್ಕೆ ಎತ್ತಿದರೆ) ಸಾಕು. ಅಡ್ಡಕ್ಕೆ ನಡುವಿನಲ್ಲಿ ಕೂರಿಸುವುದು ಮಾತ್ರ ಅಷ್ಟು ಸುಲಭ ಅಲ್ಲ. 'ಕೀ' ಅಕ್ಷರದ ದೀರ್ಘ ಬಲಕ್ಕೆ ಚಾಚುವುದರಿಂದ ಬಾಕ್ಸಿನ ನಡು ಬೇರೆ, ಕಣ್ಣಿಗೆ ಕಾಣುವ ನಡು ಬೇರೆ. ಅದಕ್ಕೊಂದು ಅಳತೆಯ ಪಟ್ಟಿ ಮಾಡಿಕೊಂಡಿದ್ದೇನೆ. ಆ ಪಟ್ಟಿ ನನ್ನ ಹತ್ತಿರವೇ ಇರಲಿ, ಹೊಟ್ಟೆಪಾಡು.

ಈಗ ಮೇಷ್ಟ್ರನ್ನು ಒಪ್ಪಿಸಿದ ಭಾಗ. ಇದು ಯೋಜನೆಯಲ್ಲೇ ಇರಲಿಲ್ಲ. ಸ್ಕ್ರಿಪ್ಟು ಹೇಗೂ ಗುರು-ಲಘು ಎಣಿಸುತ್ತಿದೆ, ಮಾತ್ರೆ (ಲಘುವಿಗೆ ಒಂದು, ಗುರುವಿಗೆ ಎರಡು) ಕೂಡಿಸಿ ನೋಡೋಣ ಎಂದು ಸುಮ್ನೆ ನಾಲ್ಕು ಸಾಲು ಸೇರಿಸಿದೆ. ಕಂದದ ನಾಲ್ಕು ಸಾಲಿಗೆ 12, 20, 12, 20. ಹೊಂದದ ಸಾಲಿನ ಪಕ್ಕದಲ್ಲಿ ಕೆಂಪು ಚೌಕ ಬೀಳಲಿ ಎಂದು ಬರೆದೆ. ಮೊದಲ ಪ್ರೂಫ್‌ನಲ್ಲಿ ಹೆಚ್ಚುಕಮ್ಮಿ ಪುಟಕ್ಕೊಂದು ಕೆಂಪು ಚೌಕ.

ಮೂಲ ಕಡತ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಾಗಿದ್ದು, ಯಾವುದೋ ಪರಿವರ್ತಕದಲ್ಲಿ ಯೂನಿಕೋಡ್ ಆಗಿ ಬಂದಿತ್ತು. ಆಸ್ಕಿ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ಆಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ಮೊದಲು ಬರಬೇಕು. ಆ ಪರಿವರ್ತಕ ಕೆಲವು ಕಡೆ ಅದನ್ನು ಹಿಂದಕ್ಕೆ ತಂದಿರಲಿಲ್ಲ. 'ಕರ್ನಾಟಕ' ಹೋಗಿ 'ಕನಾರ್ಟಕ' ಆಗುವುದು ನಾವೆಲ್ಲ ನೋಡಿರುವುದೇ. ಮಾತ್ರೆ ಲೆಕ್ಕ ಇದನ್ನು ಹಿಡಿಯುತ್ತದೆ: ಮೊದಲನೆಯದು – – ∪ ∪, ಆರು ಮಾತ್ರೆ. ಎರಡನೆಯದು ∪ – ∪ ∪, ಐದೇ.

ಆದರೆ 'ಧರ್ಮದ' ಎಂಬುದು 'ಧಮರ್ದ' ಆದರೆ? – ∪ ∪ ಹೋಗಿ ∪ – ∪ ಆಗುತ್ತದೆ. ಎರಡೂ ನಾಲ್ಕೇ ಮಾತ್ರೆ, ಕೂಡಿಸಿದರೆ ಏನೂ ಗೊತ್ತಾಗುವುದಿಲ್ಲ. ಆಗ ಕಂದದ ಇನ್ನೊಂದು ನಿಯಮ ನೆನಪಾಯಿತು. ಎರಡು ಸಾಲು ಸೇರಿದ ಒಂದು ಅರ್ಧದಲ್ಲಿ ನಾಲ್ಕು ನಾಲ್ಕು ಮಾತ್ರೆಯ ಎಂಟು ಗಣ, ಅವುಗಳಲ್ಲಿ 1, 3, 5, 7ನೆಯದು ಜಗಣ ಆಗಬಾರದು, ಆರನೆಯದು ಜಗಣವೋ ನಾಲ್ಕು ಲಘುವೋ ಆಗಿರಲೇಬೇಕು. ∪ – ∪ ಎಂದರೆ ಜಗಣವೇ. ಈ ಪರೀಕ್ಷೆಯನ್ನೂ ಸೇರಿಸಿದೆ. ಬೆಸ ಸ್ಥಾನದಲ್ಲಿದ್ದ 'ಧಮರ್ದ'ದಂಥವೆಲ್ಲ ಒಂದೇ ಓಟದಲ್ಲಿ ಸಿಕ್ಕಿದವು. ಸಾಲಿನ ಎರಡನೇ ಅಕ್ಷರದ ಪ್ರಾಸ ನೋಡುವ ತುಂಡನ್ನೂ ಬರೆದೆ, ಅದು ಇನ್ನಷ್ಟು ಹಿಡಿಯಿತು.

ಪಟ್ಟಿಯನ್ನು ಪ್ರಿಂಟ್ ಹಾಕಿ ಮೇಷ್ಟ್ರಿಗೆ ಕೊಟ್ಟೆ. ಎರಡು ದಿನ ಬಿಟ್ಟು ಫೋನ್ ಮಾಡಿ, "ನಾನು ಎರಡು ಸಲ ಓದಿದ ಪುಟದಲ್ಲೂ ತಪ್ಪು ಹಿಡಿದಿದೆಯಲ್ಲಪ್ಪಾ ಇದು" ಎಂದರು. ಆಮೇಲಿನ ಪ್ರೂಫ್‌ಗಳನ್ನು ಅವರು ಕೆಂಪು ಚೌಕದಿಂದಲೇ ಶುರು ಮಾಡುತ್ತಿದ್ದರು.

ಎಲ್ಲ ಕೆಂಪು ಚೌಕವೂ ತಪ್ಪಲ್ಲ. ಹಳಗನ್ನಡದ ಶಿಥಿಲದ್ವಿತ್ವ ಇದೆ. 'ಅಮರ್ದು' ಎಂಬಲ್ಲಿ ಮುಂದೆ ಒತ್ತು ಇದ್ದರೂ 'ಮ' ಲಘುವಾಗಿಯೇ ನಿಲ್ಲಬಹುದು. ಅದನ್ನು ಸ್ಕ್ರಿಪ್ಟು ತಾನೇ ತೀರ್ಮಾನಿಸಬಾರದು. ಮೂಲದಲ್ಲಿ ಆ ಅಕ್ಷರದ ಮುಂದೆ ಒಂದು ಚಿಹ್ನೆ ಹಾಕುತ್ತೇನೆ, ಅಚ್ಚಿನಲ್ಲಿ ಅದು ಕಾಣುವುದಿಲ್ಲ. ಎಲ್ಲಿ ಶಿಥಿಲ, ಎಲ್ಲಿ ಟೈಪಿಂಗ್ ತಪ್ಪು ಎಂಬುದನ್ನು ಮೇಷ್ಟ್ರೇ ಹೇಳಬೇಕು.

ಶಬ್ದಸೂಚಿಯ ಕಥೆ ಚಿಕ್ಕದು. ಪುಸ್ತಕದ ಕೊನೆಯ ಶಬ್ದಸೂಚಿಯಲ್ಲಿ 'ಪೊಸ' ಎರಡು ಸಲ ಬಂತು, ನೋಡಲು ಒಂದೇ ಥರ. ಒಂದರಲ್ಲಿ ಒಕಾರ ಒಂದೇ ಕೋಡ್, ಇನ್ನೊಂದರಲ್ಲಿ ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಸೇರಿ ಒಕಾರ. ಇಡೀ ಪಠ್ಯವನ್ನು ಮೊದಲೇ ಎನ್‌ಎಫ್‌ಸಿ (ಬಿಡಿ ಚಿಹ್ನೆಗಳನ್ನು ಒಂದೇ ಕೋಡಿಗೆ ಕೂಡಿಸುವ ಯೂನಿಕೋಡ್ ರೂಪ) ಮಾಡಿಕೊಂಡ ಮೇಲೆ ಒಂದಾಯಿತು. ಲುವಾ-ಯೂನಿ-ಆಲ್ಗೋಸ್ ಈ ಕೆಲಸಕ್ಕೆ ಬಹಳ ಒಳ್ಳೆಯದು. ಅಕಾರಾದಿಗೆ ಕೋಡ್ ಕ್ರಮ ನಂಬಬೇಡಿ. ಯೂನಿಕೋಡ್ ಪಟ್ಟಿಯಲ್ಲಿ 'ಱ' ಸರಿಯಾಗಿ 'ರ' ಪಕ್ಕ ಇದೆ, ಆದರೆ 'ೞ' ಸ್ವರಚಿಹ್ನೆಗಳನ್ನೂ ಹಲಂತವನ್ನೂ ದಾಟಿ ಎಲ್ಲೋ ಕೆಳಗಿದೆ. ಅನುಸ್ವಾರವೋ 'ಅ'ಗಿಂತ ಮೊದಲು. ನಾನು ಪ್ರತಿ ಅಕ್ಷರಕ್ಕೂ ಎರಡಂಕಿ ಸಂಖ್ಯೆ ಕೊಟ್ಟು ನನ್ನದೇ ವಿಂಗಡಣೆ ಕೀಲಿ ಮಾಡಿಕೊಂಡೆ, ಸೂಚಿ ವಿಂಗಡಿಸುವ ಮೇಕ್‌ಇಂಡೆಕ್ಸ್ ಕೈಬಿಟ್ಟೆ.

ವೇಗ ಮೊದಮೊದಲು ಸಾಯಿಸುತ್ತಿತ್ತು. ಎಂಟು ಜಿಬಿ ಲ್ಯಾಪ್‌ಟಾಪಿನಲ್ಲಿ ಒಂದು ಓಟಕ್ಕೆ ನಾಲ್ಕೈದು ನಿಮಿಷ. ಪದ್ಯ ಬಿಡಿಸಿದ ಫಲಿತಾಂಶವನ್ನು ಫೈಲಿನಲ್ಲಿ ಉಳಿಸಿಕೊಂಡು, ಬದಲಾದ ಪದ್ಯ ಮಾತ್ರ ಮತ್ತೆ ಬಿಡಿಸುವಂತೆ ಮಾಡಿದೆ. ಅಕ್ಷರಕ್ಕೊಂದು ಡೈರೆಕ್ಟ್‌ಲುವಾ ಕರೆಯುವ ಬದಲು ಪದ್ಯಕ್ಕೊಂದೇ ಕರೆ. ಈಗ ಒಂದು ನಿಮಿಷದ ಒಳಗೆ ಮುಗಿಯುತ್ತದೆ.

ಕೊನೆಯ ಬಿಲ್ಲು ಸೂಚಿ, ಮುನ್ನುಡಿ ಎಲ್ಲ ಸೇರಿ 16 ಸಾವಿರದ ಆಸುಪಾಸು. ಬಿಟ್ಟುಕೊಟ್ಟ ಲಗ್ನಪತ್ರಿಕೆ ಲೆಕ್ಕ ಹಿಡಿದರೆ ಈ ಪುಸ್ತಕದಲ್ಲಿ ನಷ್ಟವೇ. ಆದರೆ ಅದೇ ಪ್ರಕಾಶಕರು ಈಗ ಭಾಮಿನಿ ಷಟ್ಪದಿಯ ಪುಸ್ತಕವೊಂದನ್ನು ಕೊಟ್ಟಿದ್ದಾರೆ, ಪುಟಕ್ಕೆ 90 ರೂಪಾಯಿ. ಕಂದದ ನಾಲ್ಕು ಸಂಖ್ಯೆ ತೆಗೆದು 14, 14, 23, 14, 14, 23 ಎಂದು ಬರೆದೆ. ಗಣ ಕತ್ತರಿಸುವಲ್ಲಿ ನಾಲ್ಕರ ಬದಲು ಮೂರು-ನಾಲ್ಕು ಎಂದು ಮಾಡಿದೆ, ಮೂರನೇ ಮತ್ತು ಆರನೇ ಸಾಲಿನ ಕೊನೆಯ ಗುರುವಿಗೆ ಒಂದು ಷರತ್ತು. ಒಂದೇ ಮಧ್ಯಾಹ್ನದ ಕೆಲಸ. ಮೊದಲ ನಲವತ್ತು ಪುಟ ಪ್ರೂಫಿಗೆ ಹೋಗಿವೆ. ವಾರ್ಧಕ ಷಟ್ಪದಿಗೆ 20 ಮತ್ತು 32 ಹಾಕಿ ಇಟ್ಟಿದ್ದೇನೆ, ಇನ್ನೂ ಪದ್ಯ ಓಡಿಸಿ ನೋಡಿಲ್ಲ.