ಸುಣ್ಣದ ಗೆರೆಯ ವೆಲೋಡ್ರೋಮ್

ಬಳ್ಳಾರಿಯಲ್ಲಿ ವೆಲೋಡ್ರೋಮ್, ಅಂದರೆ ಸೈಕಲ್ ರೇಸಿಗೆಂದೇ ಕಟ್ಟಿದ ಟ್ರ್ಯಾಕ್, ಇಲ್ಲ. ಹಾಗಾಗಿ ಗುಡ್ಡದ ಕೋಟೆ ಕಾಣುವ ಮೈದಾನವೊಂದರಲ್ಲಿ ನಾನೇ ಸುಣ್ಣದ ಪುಡಿಯಿಂದ ಒಂದನ್ನು ಎಳೆದೆ. ಎರಡು ಬದಿಗೆ 50 ಮೀಟರಿನ ನೇರ ದಾರಿ, ಎರಡು ತುದಿಗೆ 23.9 ಮೀಟರ್ ತ್ರಿಜ್ಯದ ಅರ್ಧವೃತ್ತ. ಒಂದು ಸುತ್ತಿಗೆ 250 ಮೀಟರ್. ಒಲಿಂಪಿಕ್ಸ್ ಟ್ರ್ಯಾಕ್‌ನ ಉದ್ದವೂ ಅಷ್ಟೇ. ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣದ ಮರದ ಟ್ರ್ಯಾಕ್‌ನಲ್ಲಿ ಒಮ್ಮೆ ಓಡಿಸಿದ್ದೆ. ಆ ಸುಖ ನಮ್ಮೂರಿನ ಮಕ್ಕಳಿಗೂ ಸಿಗಲಿ ಎಂಬ ಆಸೆ ಅಂದಿನಿಂದ ಬಿಟ್ಟಿಲ್ಲ.

ಮೊದಲ ಭಾನುವಾರವೇ ಎಡವಿದೆ. "ಟ್ರ್ಯಾಕ್ ಸೈಕಲ್‌ಗೆ ಬ್ರೇಕ್ ಇರುವುದಿಲ್ಲ" ಎಂದು ಹೆಮ್ಮೆಯಿಂದ ಮಾತು ಆರಂಭಿಸಿದೆ. ಒಬ್ಬ ತಾಯಿ ಮಗಳ ಕೈಹಿಡಿದು ಹೊರಟೇಬಿಟ್ಟರು. ಅವರದು ತಪ್ಪಲ್ಲ. ವೇಗದ ಮಾತಿಗಿಂತ ಮೊದಲು ನಿಲ್ಲುವುದು ಹೇಗೆಂದು ನಾನು ತೋರಿಸಬೇಕಿತ್ತು.

ಈ ಸೈಕಲ್‌ನಲ್ಲಿ ಫ್ರೀವೀಲ್, ಅಂದರೆ ತುಳಿಯದೆಯೂ ಚಕ್ರ ಉರುಳಲು ಬಿಡುವ ಭಾಗ, ಇಲ್ಲ. ಹಿಂದಿನ ಚಕ್ರ ಉರುಳುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ. ಕಾಲಿಗೆ ಬಿಡುವೇ ಇಲ್ಲ. ಇದನ್ನು ನಾನು ಎಷ್ಟು ಬಗೆಯಲ್ಲಿ ಹೇಳಿದರೂ ಮಕ್ಕಳಿಗೆ ಹಿಡಿಯಲಿಲ್ಲ. ಕೌಲ್ ಬಜಾರ್‌ನ ಜೀನ್ಸ್ ಘಟಕದಲ್ಲಿ ಹೊಲಿಯುವ ತಂದೆಯೊಬ್ಬರು ಹಿಂದಿನ ಚಕ್ರವನ್ನು ಎತ್ತಿ ಹಿಡಿದು ಕೈಯಿಂದ ತಿರುಗಿಸಿದರು. ಪೆಡಲ್ ತಾನೇ ತಿರುಗಿತು. "ನೋಡವ್ವಾ, ಇದು ನಮ್ಮ ಹಳೆಯ ತುಳಿಯುವ ಮಷಿನ್ ಇದ್ದ ಹಾಗೆ. ಚಕ್ರ ತಿರುಗಿದರೆ ಹಲಗೆಯೂ ಆಡುತ್ತದೆ. ಕಾಲನ್ನು ಅದರ ಜೊತೆ ಬಿಡಬೇಕು. ನಿಲ್ಲಿಸಬೇಕಾದರೆ ಮೆಲ್ಲಗೆ ತಡೆಯಬೇಕು" ಎಂದರು. ಮಗಳು ತಲೆಯಾಡಿಸಿದಳು. ಅಂದಿನಿಂದ ನನ್ನ ಪದ್ಧತಿ ಬದಲಾಯಿತು: ಮೊದಲು ಅಪ್ಪ ಅಥವಾ ಅಮ್ಮ ಸೈಕಲ್ ಏರಬೇಕು, ಆಮೇಲೆ ಮಗು.

ಅಸಲಿ ಟ್ರ್ಯಾಕ್ ಸೈಕಲ್ ಕೊಳ್ಳುವಷ್ಟು ಹಣ ನಮ್ಮಲ್ಲಿರಲಿಲ್ಲ. ಹಳೆಯ ಸೈಕಲ್‌ಗಳ ಫ್ರೀವೀಲ್‌ಗೆ ವೆಲ್ಡಿಂಗ್ ಮಾಡಿಸಿ ಬಿಗಿ ಮಾಡಿದೆವು. ಎರಡನೇ ವಾರ ಒಬ್ಬ ಹುಡುಗ ಹಿಂದಕ್ಕೆ ಒತ್ತಿದ್ದೇ ತಡ, ಇಡೀ ಫ್ರೀವೀಲ್ ಚಕ್ರದ ನಡುವಿನ ಹಬ್‌ನಿಂದ ಬಿಚ್ಚಿಕೊಂಡಿತು. ಟ್ರ್ಯಾಕ್ ಹಬ್‌ನಲ್ಲಾದರೆ ಎಡಕ್ಕೆ ತಿರುಗಿಸಿದಾಗ ಬಿಗಿಯಾಗುವ ಲಾಕ್‌ರಿಂಗ್ ಇರುತ್ತದೆ. ಹಿಂದಕ್ಕೆ ಒತ್ತಿದಷ್ಟೂ ಅದು ಹಲ್ಲುಚಕ್ರವನ್ನು ಹಿಡಿದಿಡುತ್ತದೆ. ಪುಣ್ಯಕ್ಕೆ ನಾವು ಎರಡೂ ಬ್ರೇಕ್ ಉಳಿಸಿಕೊಂಡಿದ್ದೆವು. ಹೀಗೆ ಫ್ರೀವೀಲ್ ಬಿಗಿ ಮಾಡಿಸುವವರು ದಯವಿಟ್ಟು ಬ್ರೇಕ್ ತೆಗೆಯಬೇಡಿ, ಹೆಲ್ಮೆಟ್ ಇಲ್ಲದೆ ಹತ್ತಿಸಬೇಡಿ. ಪ್ಯಾಂಟಿನ ಅಂಚು ಚೈನಿಗೆ ಸಿಕ್ಕಿದರೆ ಪೆಡಲ್ ನಿಲ್ಲದೆ ಒಳಗೆಳೆದುಕೊಳ್ಳುತ್ತದೆ. ಅದಕ್ಕೂ ಆ ದರ್ಜಿಯೇ ದಾರಿ ಕಂಡರು: ಜೀನ್ಸ್ ತುಂಡಿಗೆ ಎಲಾಸ್ಟಿಕ್ ಹಾಕಿ ಎಲ್ಲರ ಕಣಕಾಲಿಗೂ ಪಟ್ಟಿ ಹೊಲಿದುಕೊಟ್ಟರು.

ಗೆರೆ ಹಾಕುವ ಕೆಲಸವನ್ನು ತಾಯಂದಿರು ವಹಿಸಿಕೊಂಡರು. ಒಳ ಅಂಚಿನಿಂದ 20 ಸೆಂಟಿಮೀಟರ್ ದೂರದಲ್ಲಿ ಅಳತೆಯ ಗೆರೆ. ನಿಜವಾದ ಟ್ರ್ಯಾಕ್‌ನಲ್ಲಿ ಅದು ಕಪ್ಪು, ನಮ್ಮದು ಸುಣ್ಣದ ಬಿಳಿ. 85 ಸೆಂಟಿಮೀಟರ್‌ಗೆ ಸ್ಪ್ರಿಂಟರ್‌ಗಳ ಕೆಂಪು ಗೆರೆ, ಅದರಾಚೆ ನೀಲಿ. ಕೆಂಪಿಗೂ ನೀಲಿಗೂ ರಂಗೋಲಿ ಪುಡಿ. ಅಂದು ಮಗಳನ್ನು ಕರೆದುಕೊಂಡು ಹೋಗಿದ್ದ ತಾಯಿಯೂ ಮರಳಿ ಬಂದರು. ನೀಲಿ ಗೆರೆ ಅವರದೇ ಕೈಯದು. "ನಿಜವಾದ ಟ್ರ್ಯಾಕ್ ತಿರುವಿನಲ್ಲಿ ಅಷ್ಟು ಓರೆ ಯಾಕೆ?" ಎಂದು ಅವರು ಕೇಳಿದಾಗ ಜಾತ್ರೆಯಲ್ಲಿ ಮರದ ಬಾವಿಯ ಗೋಡೆಯ ಮೇಲೆ ಬೈಕ್ ಓಡಿಸುವವರನ್ನು ನೆನಪಿಸಿದೆ. ವೇಗದಲ್ಲಿ ತಿರುಗುವಾಗ ಮೈ ಓರೆಯಾಗಲೇಬೇಕು, ನೆಲವೂ ಜೊತೆಗೆ ಓರೆಯಾದರೆ ಚಕ್ರ ಜಾರುವುದಿಲ್ಲ. 250 ಮೀಟರಿನ ಟ್ರ್ಯಾಕ್‌ನ ತಿರುವು 42 ಡಿಗ್ರಿಯ ಆಸುಪಾಸು ಏರಿರುತ್ತದೆ. ನಮ್ಮದು ಸಪಾಟು ಮಣ್ಣು, ಆದ್ದರಿಂದ ತಿರುವಿನಲ್ಲಿ ನಿಧಾನ.

ಎಲ್ಲರ ಮೆಚ್ಚಿನ ಆಟ ಪರ್ಸ್ಯೂಟ್. ಇಬ್ಬರು ಎದುರುಬದುರಿನ ನೇರ ದಾರಿಗಳ ಮಧ್ಯದಿಂದ ಒಟ್ಟಿಗೆ ಹೊರಟು ಒಬ್ಬರನ್ನೊಬ್ಬರು ಬೆನ್ನಟ್ಟುವುದು. ತಾಯಿ ಒಂದು ಕಡೆ, ಮಗಳು ಇನ್ನೊಂದು ಕಡೆ. ಅಕ್ಕಪಕ್ಕ ಓಡದ ಕಾರಣ ಡಿಕ್ಕಿಯ ಭಯ ಕಡಿಮೆ. ಮನೆಮಂದಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ತೋಚಿಲ್ಲ. ದೊಡ್ಡ ಮಕ್ಕಳಿಗೆ ಟೀಮ್ ಸ್ಪ್ರಿಂಟ್, ಅಂದರೆ ತಂಡವಾಗಿ ಓಡಿಸುವ ಕಿರು ದೂರದ ವೇಗದ ಸ್ಪರ್ಧೆ, ಕಲಿಸುವಾಗ 2019ರಲ್ಲಿ ಜರ್ಮನಿಯಲ್ಲಿ ನಡೆದ ಜೂನಿಯರ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ನಮ್ಮ ದೇಶದ ಹುಡುಗರು ಇದೇ ಸ್ಪರ್ಧೆಯಲ್ಲಿ ಚಿನ್ನ ಗೆದ್ದದ್ದನ್ನು ಹೇಳುತ್ತೇನೆ. ಆ ದಿನ ಯಾರೂ ಬೇಗ ಮನೆಗೆ ಹೋಗುವುದಿಲ್ಲ.

ಕಳೆದ ವಾರದ ಮಳೆಗೆ ಗೆರೆಗಳೆಲ್ಲ ಅಳಿಸಿಹೋದವು. ಭಾನುವಾರ ಬೆಳಿಗ್ಗೆ ಆರಕ್ಕೆ ಹೋದಾಗ ದರ್ಜಿಯ ಮಗಳು ಟೇಪು ಹಿಡಿದು ಕಾಯುತ್ತಿದ್ದಳು. ಬೇಗ ಮುಗಿಯಲಿ ಎಂದು, "ತ್ರಿಜ್ಯ 24 ಹಿಡಿ ಸಾಕು" ಎಂದೆ. "ಬೇಡ ಸರ್, ಸುತ್ತಿಗೆ 60 ಸೆಂಟಿಮೀಟರ್ ಹೆಚ್ಚಾಗುತ್ತದೆ" ಎಂದು ಅವಳು 23.9ಕ್ಕೇ ಗೂಟ ಹೊಡೆದಳು.